ಕಂಠ ದೊಡ್ಡದೋ, ಒಲವು ದೊಡ್ಡದೋ?
(ಸಂಗೀತ ಸಾಧನೆಯಲ್ಲಿ ಶ್ರದ್ಧೆಯ ಸ್ಥಾನವನ್ನು ಕುರಿತು)

ಶಿವನ ಸನ್ನಿಧಿಯಲ್ಲಿ ಹಾಡುವುದು ಕನ್ನಡ ನಾಡಿನ ಭಕ್ತರಿಗೆ ಹೊಸದಲ್ಲ. ಸಂಜೆಯ ಲಿಂಗಪೂಜೆ ಮುಗಿದ ಮೇಲೆ ಮಠದ ಅಂಗಳದಲ್ಲಿ ಹಾರ್ಮೋನಿಯಂ, ತಬಲ, ತಾಳಗಳನ್ನು ಇಟ್ಟುಕೊಂಡು ಹಿರಿಯರು ವಚನಗಳನ್ನೂ ಕೈವಲ್ಯದ ಪದಗಳನ್ನೂ ಹಾಡುವಾಗ, ಮಕ್ಕಳು ಕಂಬಕ್ಕೆ ಒರಗಿ ಕೇಳುತ್ತ ಕುಳಿತಿರುವುದನ್ನು ಹಾರನಹಳ್ಳಿಯಂಥ ಊರುಗಳಲ್ಲಿ ಕಾಣಬಹುದು. ಆ ಮಕ್ಕಳಲ್ಲಿ ಒಬ್ಬನಿಗೆ ಹಾಡಬೇಕೆಂಬ ಹಂಬಲ ಹತ್ತುತ್ತದೆ. ದನ ಮೇಯಿಸುವಾಗ, ತೆಂಗಿನ ತೋಟದಲ್ಲಿ ನೀರು ಕಟ್ಟುವಾಗ, ಪಾಠಶಾಲೆಗೆ ನಡೆಯುವ ದಾರಿಯಲ್ಲಿ ಅವನ ಬಾಯಲ್ಲಿ ಅದೇ ಪದ. ಆದರೆ ಅವನು ಒಂದು ದಿನ ಧೈರ್ಯಮಾಡಿ ಭಜನೆಯ ನಡುವೆ ಗಟ್ಟಿಯಾಗಿ ಹಾಡಿದಾಗ ಹಿರಿಯರಲ್ಲಿ ಯಾರೋ ನಕ್ಕು, “ಸಾಕಪ್ಪ, ನಿನಗೆ ಕಂಠವಿಲ್ಲ” ಎಂದುಬಿಡುತ್ತಾರೆ. ಅಂದು ಮುಚ್ಚಿದ ಬಾಯಿ ಅನೇಕ ವೇಳೆ ಜನ್ಮಪರ್ಯಂತ ತೆರೆಯುವುದಿಲ್ಲ.

ಆ ಹುಡುಗನ ತಂದೆ ಸ್ವಾಮಿಗಳ ಬಳಿಗೆ ಬಂದು, “ಬುದ್ಧಿ, ಇವನಿಗೆ ಹಾಡಿನ ಹುಚ್ಚು. ಕಂಠವಾದರೋ ಒರಟು. ಕಲಿಸಲೋ ಬಿಡಲೋ?” ಎಂದು ಅರಿಕೆ ಮಾಡಿಕೊಂಡರೆ ಏನು ಉತ್ತರ ಹೇಳಬೇಕು? ಹುಟ್ಟಿನಿಂದ ಬಂದ ಪ್ರತಿಭೆಯೇ ಸಂಗೀತಕ್ಕೆ ಮೂಲವೋ, ಇಲ್ಲವೆ ಒಲವು ಮತ್ತು ಅಭ್ಯಾಸಗಳಿಂದ ಅದನ್ನು ಪಡೆಯಬಹುದೋ? ಈ ಪ್ರಶ್ನೆ ಪಂಡಿತರ ವಾದಕ್ಕೆ ಮಾತ್ರ ಸೇರಿದುದಲ್ಲ. ಒಂದು ಮಗುವಿನ ಬಾಳಿನ ಪ್ರಶ್ನೆ. ಆದುದರಿಂದ ಶಾಸ್ತ್ರವನ್ನೂ ಶರಣರ ನಡೆನುಡಿಯನ್ನೂ ಇತ್ತೀಚಿನ ಸಾಧಕರ ಚರಿತ್ರೆಯನ್ನೂ ಮುಂದಿಟ್ಟುಕೊಂಡು ಇದನ್ನು ವಿಚಾರಿಸುವುದು ಉಚಿತ.

ಶಾಸ್ತ್ರಕಾರರ ಮತ

ಹಾರನಹಳ್ಳಿಯ ಚೆನ್ನಕೇಶವ ಮತ್ತು ಸೋಮೇಶ್ವರ ದೇವಾಲಯಗಳು ಎದ್ದುದು ಹೊಯ್ಸಳರ ಕಾಲದಲ್ಲಿ, ಕ್ರಿ.ಶ. 1235ರ ಸುಮಾರಿಗೆ. ಹೆಚ್ಚು ಕಡಮೆ ಅದೇ ಕಾಲದಲ್ಲಿ ಉತ್ತರದ ದೇವಗಿರಿಯಲ್ಲಿ, ಯಾದವ ಸಿಂಘಣನ ಆಸ್ಥಾನದಲ್ಲಿ, ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ರಚಿಸಿದನು. ಹೊಯ್ಸಳರಿಗೂ ಯಾದವರಿಗೂ ಕಾಳಗ ತಪ್ಪಿದುದಿಲ್ಲ. ಆದರೂ ಒಂದು ಕಡೆ ಕಲ್ಲಿನಲ್ಲಿ, ಇನ್ನೊಂದು ಕಡೆ ಗ್ರಂಥದಲ್ಲಿ, ಕಲೆ ತನ್ನ ಕೆಲಸವನ್ನು ನಡೆಸಿಕೊಂಡು ಹೋಯಿತು.

ಈ ಗ್ರಂಥದಲ್ಲಿ ‘ಶಾರೀರ’ವೆಂಬ ಮಾತಿಗೆ ವಿಶೇಷವಾದ ಅರ್ಥವಿದೆ. ಅಭ್ಯಾಸವಿಲ್ಲದೆಯೂ ರಾಗವನ್ನು ವ್ಯಕ್ತಪಡಿಸಬಲ್ಲ ಧ್ವನಿಯ ಶಕ್ತಿಯೇ ಶಾರೀರ; ಶರೀರದೊಡನೆಯೇ ಹುಟ್ಟಿ ಬರುವುದರಿಂದ ಅದಕ್ಕೆ ಆ ಹೆಸರು. ಹಾಗಾದರೆ ಹುಟ್ಟುಗುಣವೆಂಬುದೊಂದು ಇದೆಯೆಂದು ಶಾಸ್ತ್ರಕಾರನು ಒಪ್ಪಿದಂತಾಯಿತು. ಇಲ್ಲಿಗೆ ನಿಲ್ಲಿಸಿದವರು “ನೋಡಿರಿ, ಕಂಠ ದೈವದತ್ತ” ಎಂದು ಹೇಳಿಬಿಡುತ್ತಾರೆ. ಶಾರ್ಙ್ಗದೇವನು ಅಲ್ಲಿಗೆ ನಿಲ್ಲಲಿಲ್ಲ. ಒಳ್ಳೆಯ ಶಾರೀರ ದೊರೆಯುವ ಬಗೆಯನ್ನು ಹೇಳುವಾಗ ವಿದ್ಯಾದಾನ, ತಪಸ್ಸು, ಪಾರ್ವತೀಪತಿಯಲ್ಲಿ ಭಕ್ತಿ, ಪುಣ್ಯವಿಶೇಷ ಎಂಬಿವನ್ನು ಎಣಿಸಿದನು. ಭಾಗ್ಯವನ್ನು ಅವನು ಬಿಡಲಿಲ್ಲ; ಆದರೆ ಅದರ ಜೊತೆಗೆ ಮನುಷ್ಯನ ಕೈಯಲ್ಲಿರುವ ಮೂರನ್ನು ಇಟ್ಟನು. ವಿದ್ಯೆಯನ್ನು ಇತರರಿಗೆ ಕೊಟ್ಟವನ ಕಂಠ ಬೆಳಗುತ್ತದೆ, ತಪಸ್ಸು ಮಾಡಿದವನ ಕಂಠ ಬೆಳಗುತ್ತದೆ, ಭಕ್ತನ ಕಂಠ ಬೆಳಗುತ್ತದೆ ಎಂಬ ಈ ಎಣಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಮುಂದೆ ಗದುಗಿನ ಗಾನಯೋಗಿಗಳ ಚರಿತ್ರೆಯಲ್ಲಿ ಇದು ಅಕ್ಷರಶಃ ನಿಜವಾಗುವುದನ್ನು ಕಾಣಬಹುದು.

ಕಾವ್ಯಶಾಸ್ತ್ರದಲ್ಲಿಯೂ ಇದೇ ಚರ್ಚೆ ನಡೆದಿದೆ. ದಂಡಿಯು ಕಾವ್ಯಸಂಪತ್ತಿಗೆ ನೈಸರ್ಗಿಕ ಪ್ರತಿಭೆ, ನಿರ್ಮಲವಾದ ವ್ಯಾಸಂಗ, ಕುಂದದ ಅಭ್ಯಾಸ ಈ ಮೂರನ್ನೂ ಕಾರಣವೆಂದನು. ಆ ಮೇಲೆ ಅವನು ಆಡಿದ ಮಾತು ಎಲ್ಲ ವಿದ್ಯಾರ್ಥಿಗಳ ತಂದೆತಾಯಿಗಳಿಗೂ ಬೇಕಾದುದು: ಪೂರ್ವವಾಸನೆಯಿಂದ ಬರುವ ಅದ್ಭುತ ಪ್ರತಿಭೆ ಇಲ್ಲದಿದ್ದರೂ ಶ್ರವಣದಿಂದಲೂ ಯತ್ನದಿಂದಲೂ ಉಪಾಸಿಸಿದವನಿಗೆ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುತ್ತಾಳೆ. ‘ಏನಾದರೊಂದು’ ಎಂಬಲ್ಲಿ ಎಚ್ಚರವಿದೆ, ‘ಮಾಡಿಯೇ ಮಾಡುತ್ತಾಳೆ’ ಎಂಬಲ್ಲಿ ಭರವಸೆಯಿದೆ. ಎಲ್ಲರೂ ಮಹಾಕವಿಗಳಾಗುವರೆಂದು ಅವನು ಹೇಳಲಿಲ್ಲ. ಬರಿಗೈಯಲ್ಲಿ ಯಾರೂ ಹಿಂದಿರುಗುವುದಿಲ್ಲವೆಂದು ಹೇಳಿದನು.

ಕಲ್ಲು ಮತ್ತು ಉಳಿ

ಬೇಲೂರು, ಹಳೇಬೀಡು, ಹಾರನಹಳ್ಳಿಗಳ ಸುತ್ತ ವಾಸಿಸುವವರಿಗೆ ಈ ವಿಷಯವನ್ನು ತಿಳಿಯಲು ಗ್ರಂಥವೇ ಬೇಕಾಗಿಲ್ಲ. ಕಲ್ಲನ್ನು ನೋಡಿದರೆ ಸಾಕು. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡುದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಅದು ಮೃದುವಾಗಿದ್ದು ಉಳಿಗೆ ಒಲಿಯುತ್ತದೆ; ಗಾಳಿಗೆ ತೆರೆದುಕೊಂಡು ಕಾಲ ಕಳೆದಂತೆ ಗಡುಸಾಗುತ್ತದೆ. ಕಲ್ಲಿನ ಆ ಗುಣ ಪ್ರಕೃತಿ ಕೊಟ್ಟುದು. ಆದರೆ ಅದೇ ಕಲ್ಲು ಈ ಸೀಮೆಯ ನೆಲದಲ್ಲಿ ಶತಮಾನಗಳ ಕಾಲ ಸುಮ್ಮನೆ ಬಿದ್ದಿತ್ತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯಕ್ಕಾಗಿ ಉಳಿ ಹಿಡಿದ ಕೈ ಬಂದ ಮೇಲೆಯೇ ಅದರಿಂದ ಮದನಿಕೆಯರು ಹೊರಬಂದರು. ಮಕ್ಕಳ ಕಂಠವೂ ಕಿವಿಯೂ ಹಾಗೆಯೇ. ಎಳೆಯ ವಯಸ್ಸಿನಲ್ಲಿ ಸ್ವರಕ್ಕೆ ಬೇಗ ಒಲಿಯುತ್ತವೆ. ತಡಮಾಡಿದಂತೆ ಕಷ್ಟ ಹೆಚ್ಚುತ್ತದೆ. ಗಡುಸಾದ ಕಲ್ಲನ್ನು ಕೆತ್ತಲೇಬಾರದೆಂದಿಲ್ಲ. ಪೆಟ್ಟುಗಳು ಹೆಚ್ಚು ಬೇಕು, ಅಷ್ಟೆ.

ಬೇಲೂರಿನಲ್ಲಿ ಹೆಸರು ಕೆತ್ತಿಟ್ಟ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದಾರೆ. ಮಗನಿಗೆ ಶಿಲ್ಪ ರಕ್ತದಲ್ಲಿ ಬಂದಿತೋ, ತೊಟ್ಟಿಲಿನಿಂದಲೇ ಉಳಿಯ ಸದ್ದನ್ನು ಕೇಳುತ್ತ ಬೆಳೆದುದರಿಂದ ಬಂದಿತೋ? ಇದೇ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ರುದ್ರಪಟ್ಟಣವು ಸಂಗೀತಗಾರರ ಊರೆಂದೇ ಪ್ರಸಿದ್ಧ. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೆಯೂ ಕಚೇರಿ ಮಾಡಿ 2014ರಲ್ಲಿ ತೀರಿಕೊಂಡರು. ಆ ಊರಿನ ನೀರಿನಲ್ಲಿ ಸ್ವರವಿದೆಯೆಂದು ಜನ ವಿನೋದವಾಗಿ ಹೇಳಬಹುದು. ಆದರೆ ಹಾಡುವವರ ಮನೆಯಲ್ಲಿ ಹುಟ್ಟಿದ ಮಗುವಿನ ಕಿವಿಗೆ ಬೆಳಗು ಬೈಗು ಸ್ವರವೇ ಬೀಳುತ್ತಿದ್ದರೆ, ಪಾಠವು ಆರಂಭವಾಗುವ ಮುನ್ನವೇ ಅರ್ಧ ಪಾಠ ಆಗಿರುತ್ತದೆಯಲ್ಲವೆ? ಪ್ರತಿಭೆಯೆಂದು ಜನ ಬೆರಗಾಗುವುದರಲ್ಲಿ ಇಂಥ ಕಾಣದ ಅಭ್ಯಾಸವೂ ಬಹಳ ಮಟ್ಟಿಗೆ ಸೇರಿರುತ್ತದೆ.

ಈ ಕಾಲದ ಮನಶ್ಶಾಸ್ತ್ರಜ್ಞರೂ ಈ ವಿಷಯವನ್ನು ಅಳೆದು ನೋಡಿದ್ದಾರೆ. ಎರಿಕ್‌ಸನ್ ಮತ್ತು ಅವರ ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅತ್ಯುತ್ತಮರಾದವರು ಇಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಸರಾಸರಿ ಹತ್ತು ಸಾವಿರ ಗಂಟೆಗಳಷ್ಟು ಏಕಾಂತದ ಅಭ್ಯಾಸ ಮಾಡಿದ್ದರೆಂದು ತೋರಿಸಿದರು. ಆದರೆ 2014ರಲ್ಲಿ ಬೇರೆ ಸಂಶೋಧಕರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ನೂರಕ್ಕೆ 21ರಷ್ಟೆಂದು ಕಂಡಿತು. ಅಭ್ಯಾಸವೇ ಎಲ್ಲವೂ ಅಲ್ಲ. ಅಭ್ಯಾಸವಿಲ್ಲದೆ ಏನೂ ಇಲ್ಲ. ದಂಡಿಯ ಮಾತಿನಿಂದ ಇದು ಬಹು ದೂರವೇನೂ ಹೋಗಿಲ್ಲ.

ಶರಣರ ನಿಲುವು

ಈಗ ಶರಣರ ಕಡೆಗೆ ತಿರುಗಬಹುದು. ಬಸವಣ್ಣನವರು ಒಂದು ವಚನದಲ್ಲಿ ತಮಗೆ ತಾಳದ ಲೆಕ್ಕವೂ ಛಂದಸ್ಸಿನ ಗಣಗಳ ಎಣಿಕೆಯೂ ತಿಳಿಯದೆಂದು ಒಪ್ಪಿಕೊಳ್ಳುತ್ತಾರೆ. ಕೂಡಲಸಂಗಮದೇವನಿಗೆ ಕೇಡಿಲ್ಲವಾದುದರಿಂದ ಮನವೊಲಿದ ರೀತಿಯಲ್ಲಿಯೇ ಹಾಡುವುದಾಗಿ ತಿಳಿಸುತ್ತಾರೆ. ಇನ್ನೊಂದು ವಚನದಲ್ಲಿ, ಶಿವನು ನಾದಕ್ಕೆ ಮೆಚ್ಚುವನೆಂಬ ಲೋಕದ ಮಾತನ್ನೇ ಅವರು ಪ್ರಶ್ನಿಸುತ್ತಾರೆ. ನಾದವನ್ನು ನುಡಿಸಿದ ರಾವಣನ ಆಯುಷ್ಯ ಅರ್ಧವಾಯಿತು, ವೇದವನ್ನು ಓದಿದ ಬ್ರಹ್ಮನು ತಲೆಯನ್ನು ಕಳೆದುಕೊಂಡನು. ಶಿವನು ಮೆಚ್ಚುವುದು ಭಕ್ತಿಗೆ ಎಂಬುದು ಅದರ ತಾತ್ಪರ್ಯ.

ಈ ಎರಡು ವಚನಗಳನ್ನು ಹಿಡಿದುಕೊಂಡು, “ಶರಣರಿಗೆ ಸಂಗೀತಶಾಸ್ತ್ರದ ಗೊಡವೆ ಇರಲಿಲ್ಲ, ಭಕ್ತಿಯಿದ್ದರೆ ಸಾಕು, ಶ್ರುತಿ ತಪ್ಪಿದರೂ ಚಿಂತೆಯಿಲ್ಲ” ಎಂದು ಕೆಲವರು ಹೇಳುವುದುಂಟು. ಇದು ಅವಸರದ ತೀರ್ಮಾನ. ರಾವಣನ ದೋಷವು ಅವನ ನಾದದಲ್ಲಿ ಇರಲಿಲ್ಲ, ಅಹಂಕಾರದಲ್ಲಿತ್ತು. ಬಸವಣ್ಣನವರೇ ಮತ್ತೊಂದು ವಚನದಲ್ಲಿ ತಮ್ಮ ದೇಹವನ್ನೇ ವೀಣೆಯಾಗಿಸಿಕೊಳ್ಳೆಂದು ದೇವನನ್ನು ಬೇಡುತ್ತಾರೆ. ಅಲ್ಲಿ ದೇಹವು ವೀಣೆಯ ದಂಡ, ಶಿರಸ್ಸು ಸೋರೆಯ ಬುರುಡೆ, ನರಗಳು ತಂತಿಗಳು, ಬೆರಳುಗಳು ಮೀಟುವ ಕಡ್ಡಿ. ವಾದ್ಯದ ಅಂಗಾಂಗಗಳನ್ನು ಹೀಗೆ ಬಲ್ಲವರು ಸಂಗೀತವನ್ನು ತುಚ್ಛವಾಗಿ ಕಂಡವರಾಗಿರಲಾರರು. ಇದಲ್ಲದೆ ಶರಣರ ಗಣದಲ್ಲಿ ಕಿನ್ನರಿಯನ್ನು ನುಡಿಸುತ್ತಿದ್ದ ಕಿನ್ನರಿ ಬ್ರಹ್ಮಯ್ಯನಿದ್ದನು. ಪರಂಪರೆಯ ಪ್ರಕಾರ ಅವನು ಅಕ್ಕಸಾಲಿಗರ ಕುಲದವನು, ಗಾಯಕರ ವಂಶದವನಲ್ಲ. ಸಂಗೀತ ಬಲ್ಲವನೆಂದು ಹೆಸರಾದ ಸಕಲೇಶ ಮಾದರಸನಿದ್ದನು; ಅವನು ಅರಸುತನವನ್ನು ಬಿಟ್ಟು ಬಂದವನು. ಕುಲವಾಗಲಿ ಸಿಂಹಾಸನವಾಗಲಿ ಇವರ ವಾದ್ಯಕ್ಕೆ ಅಡ್ಡಿಯಾಗಲಿಲ್ಲ. ಮುಂದೆ ನಿಜಗುಣ ಶಿವಯೋಗಿಗಳು ತಮ್ಮ ಕೈವಲ್ಯಪದ್ಧತಿಯ ಪದಗಳನ್ನು ರಾಗಗಳಲ್ಲಿಯೇ ರಚಿಸಿದರು.

ಆದುದರಿಂದ ಬಸವಣ್ಣನವರ ಮಾತಿನ ಮರ್ಮ ಬೇರೆ. ತಾಳ ತಿಳಿಯದವನು ಹಾಡಬಾರದೆಂಬ ಹೊರಗಿನ ಅಧಿಕಾರವನ್ನು ಅವರು ಒಪ್ಪಲಿಲ್ಲ. ಹಾಡುವ ಹಕ್ಕನ್ನು ಒಲವಿಗೆ ಕೊಟ್ಟರು. ಹಕ್ಕು ಒಲವಿನದು, ಕರ್ತವ್ಯ ಕಲಿಕೆಯದು. ಒಲಿದವನು ತಾನು ಒಲಿದುದನ್ನು ಕೆಡಿಸಿ ಹಾಡಲು ಹೇಗೆ ಇಚ್ಛಿಸಿಯಾನು? ಲಿಂಗಕ್ಕೆ ಅರ್ಪಿಸುವ ಹೂವಿನಲ್ಲಿ ಹುಳುಕನ್ನು ಹುಡುಕಿ ತೆಗೆಯುವ ಭಕ್ತನು, ಅರ್ಪಿಸುವ ಸ್ವರದಲ್ಲಿ ಅಪಸ್ವರವನ್ನು ಹುಡುಕಿ ತೆಗೆಯಬೇಡವೆ? ಕಾಯಕವು ಶುದ್ಧವಾಗಿರಬೇಕೆಂದ ಶರಣರು ಹಾಡುವ ಕಾಯಕಕ್ಕೆ ಮಾತ್ರ ಬೇರೆ ನಿಯಮವನ್ನು ಮಾಡಲಿಲ್ಲ.

ಗಾನಯೋಗಿಗಳ ನಿದರ್ಶನ

ಈ ತತ್ತ್ವ ಒಂದು ಸಂಸ್ಥೆಯಾಗಿ ಕಣ್ಣಿಗೆ ಕಾಣುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನು ಹುಟ್ಟುಕುರುಡ. ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಬಡತನದ ಮನೆಯಲ್ಲಿ ಕಣ್ಣಿಲ್ಲದ ಇಬ್ಬರು ಮಕ್ಕಳು! ಅಂದಿನ ದಿನಗಳಲ್ಲಿ ಇಂಥ ಮಕ್ಕಳಿಗೆ ಇದ್ದ ದಾರಿ ಬಹುಮಟ್ಟಿಗೆ ಒಂದೇ: ಯಾರಾದರೂ ಕೈಹಿಡಿದು ನಡೆಸಿದರೆ ಮನೆಮನೆಯ ಬಾಗಿಲಲ್ಲಿ ಹಾಡಿ ಬೇಡುವುದು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಈ ಮಕ್ಕಳ ಹಾಡನ್ನು ಕೇಳಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಗದಿಗೆಯ್ಯನು ಮೊದಲು ಕರ್ನಾಟಕ ಪದ್ಧತಿಯನ್ನೂ ಅನಂತರ ಹಿಂದುಸ್ತಾನೀ ಪದ್ಧತಿಯನ್ನೂ ಕಲಿತು, ಎರಡರಲ್ಲಿಯೂ ಪ್ರಾವೀಣ್ಯ ಪಡೆದು, ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆಲ್ಲ ಪೂಜ್ಯರಾದರು.

ಇಲ್ಲಿ ಪ್ರತಿಭೆ ಇರಲಿಲ್ಲವೆಂದು ಯಾರೂ ಹೇಳಲಾರರು. ಸ್ವಾಮಿಗಳ ಕಿವಿಗೆ ಬಿದ್ದುದೇ ಆ ಕಂಠ. ಆದರೆ ಗವಾಯಿಗಳು ತಾವು ಗುರುವಾದ ಮೇಲೆ ಮಾಡಿದುದೇನು? ಒಳ್ಳೆಯ ಕಂಠದವರನ್ನು ಮಾತ್ರ ಆರಿಸಿ ತೆಗೆದುಕೊಂಡರೆ? ಇಲ್ಲ. ಕಣ್ಣಿಲ್ಲದವರು, ಅಂಗವಿಕಲರು, ಅನಾಥರು, ಬಡವರು, ಯಾವ ಜಾತಿಯವರೇ ಆಗಲಿ, ಬಂದವರಿಗೆಲ್ಲ ಅನ್ನವಿಟ್ಟು ಆಶ್ರಯ ಕೊಟ್ಟು ವಿದ್ಯೆ ಹೇಳಿದರು. ಕೆಲವು ಕಾಲ ಊರಿಂದೂರಿಗೆ ಸಂಚರಿಸುತ್ತಿದ್ದ ಆ ಪಾಠಶಾಲೆಯು ಗದುಗಿನಲ್ಲಿ ನೆಲೆನಿಂತಿತು. ಶಿಷ್ಯರ ಹೊಟ್ಟೆಗಾಗಿ ಗವಾಯಿಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. 1944ರಲ್ಲಿ ಅವರು ಲಿಂಗೈಕ್ಯರಾದರು.

ಅವರ ಬಳಿಕ ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ದೃಷ್ಟಿಯನ್ನೂ ತಂದೆತಾಯಿಗಳನ್ನೂ ಕಳೆದುಕೊಂಡು, ಸೋದರಮಾವನ ಆಸರೆಯಲ್ಲಿ ಬೆಳೆದವರು ಅವರು. ಗಾಯನವೊಂದೇ ಅಲ್ಲದೆ ಹಾರ್ಮೋನಿಯಂ, ತಬಲ, ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾದರು. ಬ್ರೈಲ್ ಲಿಪಿಯ ನೆರವಿನಿಂದ ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಆಶ್ರಮದ ಅನ್ನಕ್ಕಾಗಿ ನಾಟಕ ಸಂಘವನ್ನು ನಡೆಸಿದರು. 2010ರಲ್ಲಿ ಭಾರತ ಸರ್ಕಾರ ಪದ್ಮಭೂಷಣವನ್ನಿತ್ತ ವರ್ಷವೇ ಅವರು ಲಿಂಗೈಕ್ಯರಾದರು.

ಶಾರ್ಙ್ಗದೇವನು ಎಣಿಸಿದ ವಿದ್ಯಾದಾನ, ತಪಸ್ಸು, ಶಿವಭಕ್ತಿ ಇವು ಮೂರೂ ಈ ಇಬ್ಬರಲ್ಲಿ ಕೂಡಿದ್ದುದನ್ನು ಗಮನಿಸಬೇಕು. ಇನ್ನೊಂದು ವಿಷಯವನ್ನೂ ಮರೆಯಬಾರದು. ಆಶ್ರಮದಿಂದ ಬಸವರಾಜ ರಾಜಗುರುಗಳಂಥ ಮಹಾಗಾಯಕರು ಹೊರಬಂದರು. 1936ರಲ್ಲಿ ಹಂಪೆಯಲ್ಲಿ ನಡೆದ ವಿಜಯನಗರದ ಆರನೆಯ ಶತಮಾನೋತ್ಸವದಲ್ಲಿ ಆ ತರುಣ ಹಾಡಿದಾಗ ಸ್ವತಃ ಗುರುಗಳೇ ತಬಲ ನುಡಿಸಿದರು. ಆದರೆ ಆಶ್ರಮಕ್ಕೆ ಬಂದವರೆಲ್ಲರೂ ರಾಜಗುರುಗಳಾಗಲಿಲ್ಲ. ಬಹುಮಂದಿ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರುಗಳಾದರು, ಕೆಲವರು ಕೀರ್ತನಕಾರರಾದರು, ಕೆಲವರು ಪುರಾಣಪ್ರವಚನಗಳಲ್ಲಿ ಹಾರ್ಮೋನಿಯಂ, ತಬಲಗಳ ಸಾಥಿಗೆ ನಿಂತರು. ಬೇಡುವ ಕೈಯಾಗಬಹುದಾಗಿದ್ದ ಕೈ ದುಡಿಯುವ ಕೈಯಾಯಿತು. ಕಂಠವನ್ನು ಮೊದಲು ಪರೀಕ್ಷಿಸಿ ಆಮೇಲೆ ಬಾಗಿಲು ತೆರೆಯುವ ಪದ್ಧತಿಯನ್ನು ಗವಾಯಿಗಳು ಇಟ್ಟುಕೊಂಡಿದ್ದರೆ, ಇವರಲ್ಲಿ ಎಷ್ಟು ಮಂದಿ ಬಾಗಿಲ ಹೊರಗೇ ಉಳಿಯುತ್ತಿದ್ದರು!

ಷಟ್‌ಸ್ಥಲ ಮತ್ತು ಸ್ವರಸಾಧನೆ

ಒಲವು ಎಂದರೆ ಬರಿಯ ಆಸೆಯಲ್ಲ. ಕಚೇರಿಯಲ್ಲಿ ಚಪ್ಪಾಳೆ ಬಿದ್ದುದನ್ನು ಕಂಡು ‘ತಾನೂ ಹಾಗಾಗಬೇಕು’ ಎಂದು ಎರಡು ದಿನ ಕುಣಿಯುವುದು ಚಾಪಲ್ಯ. ಅದು ಮೂರನೆಯ ದಿನದ ಸರಳೆವರಸೆಗೇ ಬೇಸರಿಸುತ್ತದೆ. ನಿಜವಾದ ಒಲವು ಯಾವ ಮೆಟ್ಟಲುಗಳನ್ನು ಹತ್ತುತ್ತದೆ ಎಂಬುದನ್ನು ತಿಳಿಯಲು ಷಟ್‌ಸ್ಥಲದ ಆರು ಬಗೆಯ ಭಕ್ತಿಗಳೇ ಒಳ್ಳೆಯ ಅಳತೆಗೋಲು.

ಮೊದಲನೆಯದು ಭಕ್ತಸ್ಥಲದ ಶ್ರದ್ಧೆ. ಗದಗ ಸೀಮೆಯ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದು ವರ್ಷದ ಹುಡುಗನಾಗಿದ್ದಾಗ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೊರಟರು. ಗ್ವಾಲಿಯರ್, ಕಲ್ಕತ್ತ, ಜಾಲಂಧರಗಳವರೆಗೆ ಅಲೆದರು. ಹುಡುಕುತ್ತಿದ್ದ ಗುರು ತಮ್ಮ ನಾಡಿನ ಕುಂದಗೋಳದಲ್ಲಿಯೇ ಇದ್ದಾರೆಂದು ತಿಳಿದುದು ಅಷ್ಟು ದೂರ ಹೋದ ಮೇಲೆ! ಮಕ್ಕಳು ಮನೆಬಿಟ್ಟು ಓಡಬೇಕೆಂದು ಇದರ ಅರ್ಥವಲ್ಲ. ತಂದೆತಾಯಿಗಳು ಆ ಹಸಿವನ್ನು ಗುರುತಿಸಿದರೆ ಓಡುವ ಕಾರಣವೇ ಇರುವುದಿಲ್ಲ.

ಎರಡನೆಯದು ಮಹೇಶಸ್ಥಲದ ನಿಷ್ಠೆ. ಆ ಕುಂದಗೋಳದ ಗುರುಗಳೇ ಸವಾಯಿ ಗಂಧರ್ವರು. ಪ್ರಾಯಕ್ಕೆ ಬಂದಾಗ ಅವರ ಬಾಲ್ಯದ ಇಂಪಾದ ಕಂಠ ಒಡೆದು ಗಡುಸಾಯಿತು. ಎಂಟು ವರ್ಷ ತಮ್ಮಲ್ಲಿಯೇ ಇದ್ದು ಕಲಿಯಬೇಕೆಂಬ ಕರಾರಿನ ಮೇಲೆ ಅಬ್ದುಲ್ ಕರೀಂ ಖಾನರು ಅವರಿಗೆ ವಿದ್ಯೆ ಹೇಳಿದರು. ಒಲಿಯದ ಕಂಠವನ್ನು ಒಲಿಸಿಕೊಂಡ ಆ ಗಾಯಕರಿಂದಲೇ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಂಥ ಶಿಷ್ಯರು ಬೆಳೆದರು. ಸುಲಭವಾಗಿ ಬಂದವನಿಗೆ ತಾನು ಹೇಗೆ ಬಂದೆನೆಂಬುದು ತಿಳಿಯದು. ಕಷ್ಟಪಟ್ಟು ಬಂದವನಿಗೆ ದಾರಿಯ ಪ್ರತಿಯೊಂದು ಕಲ್ಲೂ ತಿಳಿದಿರುತ್ತದೆ.

ಮೂರನೆಯದು ಪ್ರಸಾದಿಸ್ಥಲದ ಅವಧಾನ. ಗಂಗೂಬಾಯಿಯವರು ಮನೆವಾರ್ತೆಯ ಹೊಣೆ ಹೊತ್ತುಕೊಂಡೇ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಪಾಠ ಕಲಿತರು; ಒಂದೇ ಸ್ವರಪುಂಜವನ್ನು ಗುರುಗಳು ಸಾಕೆನ್ನುವವರೆಗೆ ಹಾಡಿದರು. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ಅವರ ತೆಳುವಾದ ಧ್ವನಿ ಗಂಡುಧ್ವನಿಯಂತೆ ದಪ್ಪವಾಯಿತು. ಕಂಠವೇ ಎಲ್ಲವೂ ಆಗಿದ್ದರೆ ಅವರ ಸಂಗೀತ ಅಲ್ಲಿಗೆ ಮುಗಿಯಬೇಕಾಗಿತ್ತು. ಅವರು ಬಂದ ಧ್ವನಿಯನ್ನು ಪ್ರಸಾದವೆಂಬಂತೆ ಸ್ವೀಕರಿಸಿ, ಅದರಲ್ಲಿಯೇ ತಮ್ಮ ಗಾಂಭೀರ್ಯವನ್ನು ಕಟ್ಟಿಕೊಂಡರು. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ; ಮಗಳ ಹಿಂದುಸ್ತಾನೀ ಅಭ್ಯಾಸಕ್ಕೆ ತಮ್ಮ ಹಾಡು ಅಡ್ಡಬರಬಾರದೆಂದು ತಮ್ಮ ಸಂಗೀತವನ್ನೇ ತೊರೆದರು. ಒಬ್ಬರ ಸಾಧನೆಯ ಹಿಂದೆ ಮನೆಯವರ ತ್ಯಾಗ ಎಷ್ಟಿರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಾಲ್ಕನೆಯದು ಪ್ರಾಣಲಿಂಗಿಸ್ಥಲದ ಅನುಭಾವ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರಿಗೆ ಹುಟ್ಟುಪ್ರತಿಭೆ ಧಾರಾಳವಾಗಿತ್ತು. ಬಾಲ್ಯದಲ್ಲಿಯೇ ನಾಟಕ ಮಂಡಳಿಯಲ್ಲಿ ಹೆಸರು ಪಡೆದರು, ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತರು, ಧ್ವನಿಮುದ್ರಿಕೆಗಳಿಂದ ಮನೆಮಾತಾದರು. ಸಾಮಾನ್ಯನು ಅಲ್ಲಿಗೆ ತೃಪ್ತನಾಗುತ್ತಿದ್ದನು. ಮನಸೂರರು ಆ ಕೀರ್ತಿಯ ನಡುವೆಯೇ ಮಂಜಿಖಾನರ ಬಳಿ ಹೊಸ ವಿದ್ಯಾರ್ಥಿಯಾಗಿ ಕುಳಿತು, ಬೇರೊಂದು ಘರಾಣೆಯ ಕ್ಲಿಷ್ಟ ಮಾರ್ಗವನ್ನು ಮೊದಲಿನಿಂದ ಕಲಿತರು. 1937ರಲ್ಲಿ ಗುರುಗಳು ತೀರಿಕೊಂಡಾಗ ಅವರ ತಮ್ಮ ಭೂರ್ಜಿಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದರು. ಕಂಠವುಳ್ಳವನಿಗೂ ಒಲವು ಎಷ್ಟು ಅವಶ್ಯವೆಂಬುದಕ್ಕೆ ಇದು ನಿದರ್ಶನ. ತಾನು ಬಲ್ಲೆನೆಂಬ ಗರ್ವವನ್ನು ಕಳಚಿ ಮತ್ತೆ ಶಿಷ್ಯನಾಗುವ ಧೈರ್ಯ ಪ್ರತಿಭೆಯಿಂದ ಬರುವುದಿಲ್ಲ. ಪ್ರತಿಭೆ ಅನೇಕ ವೇಳೆ ಅದಕ್ಕೆ ಅಡ್ಡಿಯಾಗುತ್ತದೆ.

ಐದನೆಯದು ಶರಣಸ್ಥಲದ ಆನಂದ. ಫಲದ ಎಣಿಕೆ ಬಿದ್ದುಹೋಗಿ ಅಭ್ಯಾಸವೇ ಸುಖವಾಗುವ ಸ್ಥಿತಿ ಅದು. ಆರನೆಯದು ಐಕ್ಯಸ್ಥಲದ ಸಮರಸ. ಅಲ್ಲಿ ಹಾಡುವವನು, ಹಾಡು, ಕೇಳುವ ದೇವ ಎಂಬ ಭೇದವಿಲ್ಲ. ಬಸವಣ್ಣನವರು ಬೇಡಿದ ದೇಹವೀಣೆ ಅದೇ. ಇವೆರಡನ್ನು ಕುರಿತು ಹೆಚ್ಚು ಬರೆಯುವುದು ಸಲ್ಲ. ಹಾಡಿಯೇ ತಿಳಿಯಬೇಕಾದ ವಿಷಯ.

ಗೃಹಸ್ಥರ ಕರ್ತವ್ಯ

ಇನ್ನು ಆ ತಂದೆಯ ಪ್ರಶ್ನೆಗೆ ಬರಬಹುದು. ಮೊದಲನೆಯದಾಗಿ, ಕಲಿಯುವುದು ಬೇರೆ, ಕಚೇರಿ ಮಾಡುವುದು ಬೇರೆ. ಕಚೇರಿಗೆ ಕಂಠ, ಆರೋಗ್ಯ, ಗುರು, ಅವಕಾಶ, ಇವೆಲ್ಲ ಕೂಡಿ ಬರಬೇಕು. ಒಲವೊಂದಿದ್ದರೆ ವೇದಿಕೆ ದೊರೆತೇ ತೀರುವುದೆಂದು ಮಗುವಿಗೆ ಹೇಳುವುದು ಸುಳ್ಳಾಗುತ್ತದೆ. ಆದರೆ ಕಲಿಕೆಯ ಬಾಗಿಲು ಎಲ್ಲರಿಗೂ ತೆರೆದಿದೆ. ಸ್ವರದ ಏರಿಳಿತವೇ ಕಿವಿಗೆ ಹತ್ತದವರು ನೂರರಲ್ಲಿ ಕೆಲವರು ಮಾತ್ರ. ಮಿಕ್ಕವರಿಗೆ ‘ಕಂಠವಿಲ್ಲ’ ಎಂಬ ಮಾತಿಗೆ ‘ಇನ್ನೂ ಕಲಿಸಿಲ್ಲ’ ಎಂಬುದೇ ಸರಿಯಾದ ಅರ್ಥ.

ಎರಡನೆಯದಾಗಿ, ಹಂಬಲವನ್ನು ಪರೀಕ್ಷಿಸಬೇಕು, ಆದರೆ ನಗೆಯಿಂದಲ್ಲ, ಕೆಲಸದಿಂದ. ಒಂದು ವರ್ಷ ದಿನವೂ ಬೆಳಗಿನ ಹೊತ್ತು ತಂಬೂರಿಯ ಶ್ರುತಿಗೋ ಶ್ರುತಿಪೆಟ್ಟಿಗೆಗೋ ಷಡ್ಜವನ್ನು ಕೂಡಿಸಿ ಕುಳಿತುಕೊಳ್ಳುವಂತೆ ಹೇಳಬೇಕು. ಹೇಳಿಸಿಕೊಳ್ಳದೆ ತಾನೇ ಎದ್ದು ಕುಳಿತರೆ ಅದು ಒಲವು. ಕಂಠ ಒಡೆಯುವ ವಯಸ್ಸಿನಲ್ಲಿ ಹುಡುಗನನ್ನು ಮೂದಲಿಸದೆ, ಬಲವಂತವಾಗಿ ಮೇಲಿನ ಸ್ಥಾಯಿಯಲ್ಲಿ ಹಾಡಿಸದೆ ಕಾಯಬೇಕು. ಕಂಠ ಕಡೆಗೂ ಒಲಿಯದಿದ್ದರೆ ಕೊಳಲು, ಪಿಟೀಲು, ತಬಲಗಳಿವೆ. ಕಿನ್ನರಿ ಬ್ರಹ್ಮಯ್ಯನು ನೆನಪಾಗುವುದು ಅವನ ಕೈಯ ವಾದ್ಯದಿಂದಲ್ಲವೆ?

ಮೂರನೆಯದಾಗಿ, ಒಳ್ಳೆಯ ಕಂಠವಿರುವ ಮಗುವಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಹೊಗಳಿಕೆ ಬೇಗ ಬರುತ್ತದೆ. ಅಭ್ಯಾಸ ಬೇಗ ಹೋಗುತ್ತದೆ. ಕಂಠ ತನ್ನದಲ್ಲ, ಕೊಟ್ಟುದು ಎಂಬ ಭಾವವನ್ನು ಅಂಥ ಮಗುವಿಗೆ ಕಲಿಸಬೇಕು. ಪಡೆದುದನ್ನು ಜಂಗಮಕ್ಕೆ ಸಲ್ಲಿಸುವುದು ದಾಸೋಹ. ತನಗಿಂತ ಕಡಮೆ ಬಲ್ಲವನಿಗೆ ಎರಡು ಸ್ವರ ಹೇಳಿಕೊಟ್ಟರೆ ಅದೂ ದಾಸೋಹವೇ.

ಕಂಠ ದೊಡ್ಡದೋ ಒಲವು ದೊಡ್ಡದೋ ಎಂಬ ಪ್ರಶ್ನೆಗೆ ಇಷ್ಟರ ಮೇಲೆ ಉತ್ತರ ಹೇಳಬಹುದು. ಕಂಠವು ಗಣಿಯಲ್ಲಿ ದೊರೆತ ಕಲ್ಲು. ಒಲವು ಉಳಿ ಹಿಡಿದ ಕೈ. ಕಲ್ಲಿನ ಗುಣ ಒಂದೊಂದು ಕಡೆ ಒಂದೊಂದು ಬಗೆ, ಅದನ್ನು ಆರಿಸುವ ಅಧಿಕಾರ ಮನುಷ್ಯನಿಗಿಲ್ಲ. ಕೈಯನ್ನು ಎತ್ತುವುದೋ ಇಳಿಸುವುದೋ ಎಂಬುದು ಅವನ ಅಧಿಕಾರಕ್ಕೆ ಸೇರಿದೆ. ಮಠದ ಅಂಗಳದ ಕಂಬಕ್ಕೆ ಒರಗಿ ಕುಳಿತ ಆ ಹುಡುಗನು ಮತ್ತೊಮ್ಮೆ ಬಾಯಿ ತೆರೆದಾಗ ಹಿರಿಯರು ನಗದಿರಲಿ. “ಬಾರಪ್ಪ, ಹತ್ತಿರ ಕೂರು, ಮೊದಲು ಶ್ರುತಿಯನ್ನು ಕೇಳು” ಎಂದು ಹೇಳಲಿ. ಅವನು ಗವಾಯಿಯಾಗುವನೋ ಇಲ್ಲವೋ ಶಿವನೇ ಬಲ್ಲ. ಆ ಊರಿನ ಭಜನೆಯಲ್ಲಿ ಒಂದು ದನಿ ಹೆಚ್ಚುವುದು ಮಾತ್ರ ನಿಶ್ಚಯ.